ತಾಯಿಯನ್ನು ದಾಟಿಹೋದ ಕ್ಷಮೆ: ‘ಸೀಕ್ರೆಟ್ ಸನ್‌ಶೈನ್’ ಚಿತ್ರವನ್ನು ಕುರಿತು

ದಕ್ಷಿಣ ಕೊರಿಯಾದ ನಿರ್ದೇಶಕ ಲೀ ಚಾಂಗ್-ಡಾಂಗ್ ಅವರ ‘ಸೀಕ್ರೆಟ್ ಸನ್‌ಶೈನ್’ (2007) ಚಿತ್ರವನ್ನು ಕ್ರೈಸ್ತವಿರೋಧಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಪಾಪಕ್ಷಮೆಯನ್ನು ಸಾರಲು ಕರೆಯಲ್ಪಟ್ಟವರು ಅದನ್ನು ಸಾವಕಾಶವಾಗಿ ನೋಡಬೇಕು.

ಗಂಡನನ್ನು ಕಳೆದುಕೊಂಡ ಶಿನ್-ಎ ಎಳೆಯ ಮಗನೊಡನೆ, ಗಂಡನ ಹುಟ್ಟೂರಾದ ಮಿರ್ಯಾಂಗಿಗೆ ಬಂದು ನೆಲೆಸುತ್ತಾಳೆ. ಅಲ್ಲಿ ಆ ಮಗನೂ ಹಣಕ್ಕಾಗಿ ಅಪಹೃತನಾಗಿ ಕೊಲೆಯಾಗುತ್ತಾನೆ. ಔಷಧದಂಗಡಿಯಾಕೆಯ ಕರೆಯ ಮೇರೆಗೆ ಪ್ರಾರ್ಥನಾಕೂಟಕ್ಕೆ ಹೋದಾಗ ಆಕೆಯ ಎದೆಯೊಳಗಿನ ರೋದನ ಒಡೆದು ಹೊರಬರುತ್ತದೆ. ಈ ದೃಶ್ಯದಲ್ಲಿ ಅಣಕವಿಲ್ಲ; ಅಲ್ಲಿ ದೊರೆತ ಸಮಾಧಾನವನ್ನು ನಿರ್ದೇಶಕರು ಗೌರವದಿಂದಲೇ ಕಾಣುತ್ತಾರೆ.

ಚಿತ್ರದ ತಿರುಳಿರುವುದು ಸೆರೆಮನೆಯ ಭೇಟಿಯಲ್ಲಿ. ಕ್ಷಮಿಸಬೇಕೆಂದು ಹೂಗಳೊಡನೆ ಹೋದ ತಾಯಿಗೆ ಕೊಲೆಗಾರನು ಶಾಂತಮುಖನಾಗಿ, ದೇವರು ತನ್ನನ್ನು ಈಗಾಗಲೇ ಕ್ಷಮಿಸಿದ್ದಾನೆಂದು ತಿಳಿಸುತ್ತಾನೆ. ಹೊರಗೆ ಬಂದವಳು ಕುಸಿದುಬೀಳುತ್ತಾಳೆ. ತತ್ತ್ವತಃ ಆತನ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಪ್ರಸಂಗಪೀಠಗಳಿಂದ ನಾವು ಸಾರುವುದೂ ಅದನ್ನೇ. ಅಂಜಿಕೆ ಹುಟ್ಟಿಸುವುದು ಇದೇ. ಆತನ ಸಮಾಧಾನದಲ್ಲಿ ಆ ತಾಯಿಗೆ ಎಡೆಯಿಲ್ಲ. ಆಕೆಯ ಎದುರಿಗೆ ಆತ ಪಾಪಿಯಾಗಿ ಕೂರುವುದೇ ಇಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂಬ ಕರ್ತನ ಬೋಧನೆಯನ್ನು (ಮತ್ತಾಯ 5) ಆತನಿಗೆ ಯಾರೂ ಕಲಿಸಿದಂತಿಲ್ಲ. ಜಕ್ಕಾಯನಾದರೋ (ಲೂಕ 19) ರಕ್ಷಣೆ ಮನೆಗೆ ಬಂದ ದಿನವೇ ತಾನು ವಂಚಿಸಿದವರ ಲೆಕ್ಕಕ್ಕೆ ಕೈಹಾಕಿದನು.

ಶಿನ್-ಎ ಕ್ಷಮಿಸಲು ಹೊರಡುವುದೂ ಬಹು ಬೇಗನೆ. ದೇವರೊಡನೆ ವಾದಿಸಲು, ಪ್ರಲಾಪಿಸಲು ಆಕೆಗೆ ಕಾಲವೇ ಸಿಕ್ಕಿಲ್ಲ. ಕೀರ್ತನೆಗಳ ಗ್ರಂಥದಲ್ಲಿ ಪ್ರಲಾಪಕ್ಕಿರುವ ಸ್ಥಳ ನಮ್ಮ ಆರಾಧನಾಕ್ರಮಗಳಲ್ಲಿ ಎಷ್ಟಿದೆ? ಆ ಪ್ರಲಾಪ ಮುಂದೆ ದಂಗೆಯಾಗಿ ಸಿಡಿಯುತ್ತದೆ. ಔಷಧದಂಗಡಿಯಾಕೆಯ ಗಂಡನನ್ನು ಮರುಳುಮಾಡಲೆತ್ನಿಸುವ ಪ್ರಸಂಗ ನನಗೆ ಅತಿಯಾಯಿತೆನಿಸಿತು. ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದ ಜಿಯಾನ್ ಡೋ-ಯಾನ್ ಅವರ ಅಭಿನಯವಷ್ಟೇ ಅದನ್ನು ತಾಳಿಕೊಳ್ಳುತ್ತದೆ.

ಸಭೆಯವರಿಗಿಂತ ಹತ್ತಿರ ನಿಲ್ಲುವವನು ವಾಹನ ದುರಸ್ತಿ ಮಾಡುವ ಜೋಂಗ್-ಚಾನ್. ಸಭೆಗೆ ಆತ ಮೊದಲು ಬಂದದ್ದೇ ಆಕೆಯ ಸಲುವಾಗಿ. ಆತನಲ್ಲಿ ಉಪದೇಶವಿಲ್ಲ. ಯೋಬನ ಸ್ನೇಹಿತರು ಮೌನವಾಗಿ ಕುಳಿತ ಆ ಏಳು ದಿನಗಳನ್ನು (ಯೋಬ 2) ಈತ ಹೇಗೋ ಮುಂದುವರಿಸಿದ್ದಾನೆ. ಕೊನೆಗೆ ಆಕೆ ಅಂಗಳದಲ್ಲಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವಾಗ ಆತ ಕನ್ನಡಿ ಹಿಡಿದು ನಿಲ್ಲುತ್ತಾನೆ. ಕ್ಯಾಮೆರಾ ಅವರನ್ನು ಬಿಟ್ಟು, ಕೊಳಕು ನೆಲದ ಮೇಲೆ ಬಿದ್ದ ಬಿಸಿಲಿನತ್ತ ಸರಿಯುತ್ತದೆ. ಮಿರ್ಯಾಂಗ್ ಎಂದರೆ ಗುಪ್ತವಾದ ಬಿಸಿಲು ಎಂದು ಶಿನ್-ಎ ಆರಂಭದಲ್ಲೇ ಹೇಳಿರುತ್ತಾಳೆ. ಅದನ್ನು ದೇವರ ಕೃಪೆಯೆಂದು ಕರೆಯಲು ನಾವು ಅವಸರಪಡಬಹುದು. ಚಿತ್ರ ಹಾಗೆ ಕರೆಯುವುದಿಲ್ಲ.