4096 ಬೈಟ್‌ಗಳ ಪರ್ವತಶ್ರೇಣಿ

ಚಿತ್ರವನ್ನೂ ಸಂಗೀತವನ್ನೂ ಗಣಿತಸೂತ್ರಗಳಿಂದ ಆ ಕ್ಷಣದಲ್ಲೇ ಹುಟ್ಟಿಸುವ ಕಂಪ್ಯೂಟರ್ ಪ್ರೋಗ್ರಾಮಿಗೆ ‘ಡೆಮೊ’ ಎಂದೂ, ಅಂಥವನ್ನು ರಚಿಸಿ, ಒಟ್ಟಾಗಿ ನೋಡಿ, ಬೆಲೆಕಟ್ಟುವ ಸಮುದಾಯಕ್ಕೆ ‘ಡೆಮೊಸೀನ್’ ಎಂದೂ ಹೆಸರು. 1980ರ ದಶಕದಲ್ಲಿ ಕಮೊಡೋರ್ 64ರಂಥ ಮನೆಬಳಕೆಯ ಕಂಪ್ಯೂಟರುಗಳ ಆಟಗಳಿಗಿದ್ದ ನಕಲು-ತಡೆಯನ್ನು ಮುರಿದು ಹಂಚುತ್ತಿದ್ದವರು, ತಮ್ಮ ಗುಂಪಿನ ಹೆಸರನ್ನು ಮೆರೆಸಲು ಆಟದ ಆರಂಭಕ್ಕೆ ಸೇರಿಸುತ್ತಿದ್ದ ಚಲಿಸುವ ಅಕ್ಷರಗಳ ಪೀಠಿಕೆಯೇ ಈ ಕಲೆಯ ಮೂಲ. ಆ ಪೀಠಿಕೆ ಆಟದಿಂದ ಬೇರ್ಪಟ್ಟು ಸ್ವತಂತ್ರ ಕೃತಿಯಾದಂತೆ ಅದಕ್ಕೆ ತನ್ನದೇ ಕೂಟಗಳೂ ಹುಟ್ಟಿಕೊಂಡವು. ಫಿನ್ಲೆಂಡಿನ ಅಸೆಂಬ್ಲಿ 1992ರಲ್ಲಿ ಆರಂಭವಾಯಿತು. ಜರ್ಮನಿಯ ಬಿಂಗೆನ್‌ನಲ್ಲಿ ಈಸ್ಟರ್ ರಜೆಗೆ ನಡೆಯುತ್ತಿದ್ದ ಬ್ರೇಕ್‌ಪಾಯಿಂಟ್ 2010ರಲ್ಲಿ ಮುಗಿದು, ಮರುವರ್ಷ ಸಾರ್‌ಬ್ರೂಕೆನ್‌ನ ರಿವಿಷನ್ ಅದರ ಸ್ಥಾನಕ್ಕೆ ಬಂತು.

ಈ ಕೂಟಗಳ ಸ್ಪರ್ಧೆಗಳಿಗೆ ಜೀವ ಕೊಡುವುದು ಗಾತ್ರದ ಮಿತಿ. 4 ಕಿಲೋಬೈಟ್ ವಿಭಾಗದಲ್ಲಿ ಚಿತ್ರ, ಸಂಗೀತ, ಚಲನೆ ಎಲ್ಲವೂ 4096 ಬೈಟ್‌ಗಳೊಳಗೆ ಅಡಗಬೇಕು. ಯೂನಿಕೋಡ್ ಪಠ್ಯವನ್ನು ಉಳಿಸುವ ರೂಢಿಯ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ 3 ಬೈಟ್ ತಗಲುವುದರಿಂದ, ಪ್ರಸ್ತುತ ಅಂಕಣವೇ ಅಷ್ಟರಲ್ಲಿ ಹಿಡಿಸದು. 2009ರ ಬ್ರೇಕ್‌ಪಾಯಿಂಟ್‌ನಲ್ಲಿ ಗೆದ್ದ ‘ಎಲಿವೇಟೆಡ್’ ಅಷ್ಟೇ ಜಾಗದಲ್ಲಿ ಹಿಮ ಹೊದ್ದ ಪರ್ವತಶ್ರೇಣಿಯ ಮೇಲಿನ ಹಾರಾಟವನ್ನು ಸಂಗೀತಸಹಿತ ತೋರಿಸಿತು. ಅದರಲ್ಲಿ ಒಂದೂ ಛಾಯಾಚಿತ್ರವಿಲ್ಲ, ಧ್ವನಿಮುದ್ರಣವಿಲ್ಲ. ದೊಡ್ಡ ಏರಿಳಿತಗಳ ಮೇಲೆ ಸಣ್ಣವನ್ನು, ಅವುಗಳ ಮೇಲೆ ಇನ್ನೂ ಸಣ್ಣವನ್ನು ಕೂಡಿಸುತ್ತ ಹೋಗುವ ಲೆಕ್ಕವೇ ಬೆಟ್ಟದ ಮೈಯಾಗುತ್ತದೆ, ಸೂತ್ರಗಳೇ ನಾದವಾಗುತ್ತವೆ.

ಆ ಕೃತಿಯ ರಚನಕಾರರಲ್ಲೊಬ್ಬರಾದ ಇನಿಗೊ ಕಿಲೆಸ್ ಅದೇ ವರ್ಷ ಹಂಗೇರಿಯ ಬುಡಾಪೆಸ್ಟ್‌ನ ಫಂಕ್ಷನ್ ಕೂಟದಲ್ಲಿ ಅದರ ಒಳಮರ್ಮವನ್ನು ಉಪನ್ಯಾಸವಾಗಿ ಬಿಡಿಸಿಟ್ಟರು. ಗೆದ್ದ ವಿದ್ಯೆಯನ್ನು ಮುಚ್ಚಿಡದೆ ಮುಂದಿನ ಸ್ಪರ್ಧಿಗಳಿಗೇ ಕಲಿಸಿಕೊಡುವ ಈ ಔದಾರ್ಯವೇ ಡೆಮೊಸೀನ್ ಕೂಟವನ್ನು ಬರೀ ಪಂದ್ಯಾಟದಿಂದ ಬೇರೆಯಾಗಿಸುತ್ತದೆ. ರಿವಿಷನ್‌ನ ‘ಶೇಡರ್ ಶೋಡೌನ್’ ಎಂಬ ಮುಖಾಮುಖಿಯಲ್ಲಂತೂ ಇಬ್ಬರು ವೇದಿಕೆಯ ಮೇಲೆ 25 ನಿಮಿಷಗಳಲ್ಲಿ, ಬಿಂದುಬಿಂದುವಿಗೂ ಬಣ್ಣ ನಿರ್ಧರಿಸುವ ‘ಶೇಡರ್’ ಎಂಬ ಕಿರುಪ್ರೋಗ್ರಾಮನ್ನು ಬರೆಯುತ್ತಿದ್ದಂತೆ, ಬರೆದ ಸಾಲೂ ಅದರಿಂದ ಮೂಡುವ ಚಿತ್ರವೂ ಪರದೆಯ ಮೇಲೆ ಕಾಣುತ್ತವೆ. ಕಸುಬು ಬಲ್ಲ ಪ್ರೇಕ್ಷಕರು ಒಂದು ಸಾಲಿನ ಜಾಣ್ಮೆಗೇ ಹೋ ಎನ್ನುತ್ತಾರೆ. ಕಾವ್ಯಮೀಮಾಂಸೆ ಸಹೃದಯನಿಂದ ಬಯಸುವ ಸಿದ್ಧತೆ ಇಲ್ಲಿ ಇಡೀ ಸಭೆಗೇ ಇರುತ್ತದೆ, ಹೊಸಬರು ಅದನ್ನು ಆ ಸಭೆಯಲ್ಲಿ ಕೂತೇ ಗಳಿಸುತ್ತಾರೆ.

ಡಿಜಿಟಲ್ ಕಲೆಯ ಕಮ್ಮಟಗಳನ್ನು ಏರ್ಪಡಿಸುವವರು ಇದರಿಂದ ಕಲಿಯಬೇಕಾದುದು ಬಹಳಷ್ಟಿದೆ. ತಂತ್ರಾಂಶದ ಬಳಕೆಯನ್ನು ಹೇಳಿಕೊಟ್ಟರೆ ಕೆಲಸಗಾರರು ಸಿದ್ಧರಾದಾರು. ಒಪ್ಪಿಕೊಂಡ ಮಿತಿ, ಎಲ್ಲರೂ ಕೂಡಿ ನೋಡುವ ಪರದೆ, ತೆರೆದಿಟ್ಟ ವಿದ್ಯೆ ಮೂರೂ ಸೇರಿದಲ್ಲಿ ಮಾತ್ರ ಅಭಿರುಚಿಯ ಪರಂಪರೆ ಬೆಳೆಯುತ್ತದೆ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಡೆಮೊಸೀನನ್ನು ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದಾಗ ಮನ್ನಣೆ ಸಂದದ್ದು ಯಾವುದೋ ಒಂದು ಕೃತಿಗಲ್ಲ, ಜನ ನಡೆಸಿಕೊಂಡು ಬಂದ ರೂಢಿಗೆ. ಕಡತಗಳನ್ನು ಯಂತ್ರಗಳು ಕಾಪಾಡಬಲ್ಲವು. ರಚಿಸುವ, ತೂಗಿನೋಡುವ, ಕಲಿಸುವ ರೂಢಿ ಮಾತ್ರ ಜನ ಕೂಡುತ್ತಿರುವವರೆಗೆ ಬಾಳುತ್ತದೆ.