ಹೊಲೆಮಾದಿಗ: ಒಂದು ಪದ, ಎರಡು ಲೆಕ್ಕ

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಬಂದಾಗ ಆ ಹೆಸರೇ ಒಂದು ಹೋರಾಟವಾಗಿತ್ತು. ಬೈಗುಳವಾಗಿದ್ದ ಎರಡು ಜಾತಿಗಳು ಒಂದೇ ಪದವಾಗಿ ಮುಖಪುಟಕ್ಕೆ ಬಂದವು. ನಮ್ಮ ವಿಮರ್ಶೆ ಆ ಸಮಾಸವನ್ನು ಮೆಚ್ಚಿತು. ಬಿಡಿಸಿ ನೋಡಿದ್ದು ಕಡಿಮೆ.

ಬಿಡಿಸೋಣ. ಹಳೇ ಮೈಸೂರಿನ ಹಲವು ಊರುಗಳಲ್ಲಿ ಹೊಲೆಯರಿಗೆ ಕುಳವಾಡಿಕೆಯ ಚಾಕರಿ ಇತ್ತು, ಅದರ ಜೊತೆ ಕೆಲವರಿಗೆ ತುಂಡು ಇನಾಂ ನೆಲವೂ ಇತ್ತು. ಮಾದಿಗರ ಕೈಲಿದ್ದದ್ದು ತೊಗಲು, ತಮಟೆ. ಪಂಪ್‌ಸೆಟ್ಟು ಬಂದು ಕಪಿಲೆಬಾನಿ ಹೋಯ್ತು, ಪ್ಲಾಸ್ಟಿಕ್ ಬಂದು ಚಪ್ಪಲಿ ಹೊಲಿಯೋ ಕೆಲಸವೂ ಹೋಯ್ತು. ಊರು ಇಬ್ಬರನ್ನೂ ಮುಟ್ಟಿಸಿಕೊಳ್ಳಲಿಲ್ಲ ನಿಜ. ಆದರೆ ಇಬ್ಬರ ಕೂಳಿನ ದಾರಿ ಒಂದೇ ಆಗಿರಲಿಲ್ಲ.

ಹುಳಿಮಾವಿನಂಥ ಹಳ್ಳಿಗಳನ್ನು ಬೆಂಗಳೂರು ನುಂಗಿದ ಮೇಲೂ ಈ ಲೆಕ್ಕ ಅಳಿಸಿಲ್ಲ. ನೆಲ ಇದ್ದವನಿಗೆ ಮಾರಲಾದರೂ ಏನೋ ಇತ್ತು. ಇಲ್ಲದವನಿಗೆ? ಬನ್ನೇರುಘಟ್ಟ ರಸ್ತೆಯನ್ನು ಬೆಳಗಾಗುವ ಮುಂಚೆ ಗುಡಿಸುವವರು ಯಾರು ಅಂತ ಕೇಳಿ ನೋಡಿ. ನಗರದ ಪೌರಕಾರ್ಮಿಕರಲ್ಲಿ ಮಾದಿಗರೇ ಹೆಚ್ಚು. ಅವರಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡ ದಲಿತ ಸಾಹಿತ್ಯ ಆ ಪೊರಕೆಯ ಭಾಷೆಯನ್ನು ಎಷ್ಟು ಕೇಳಿಸಿಕೊಂಡಿದೆ?

ಹೋಲಿಸಿದರೆ ಒಡಕು ಬರುತ್ತೆ ಅಂತಾರೆ. ಒಳಮೀಸಲಾತಿ ಕುರಿತ ಸದಾಶಿವ ಆಯೋಗ ವರದಿ ಕೊಟ್ಟದ್ದು 2012ರಲ್ಲಿ. ಶೇಕಡಾ 6, 6, 5ರ ಸೂತ್ರ ಬಂದದ್ದು 2025ರಲ್ಲಿ. ನಡುವಿನ 13 ವರ್ಷ ಒಗ್ಗಟ್ಟಿನ ಹೆಸರಲ್ಲಿ ಕಾದವರು ಯಾರು? ಲೆಕ್ಕ ಕೇಳಬೇಡ, ಎಲ್ಲರೂ ಒಂದೇ ಅನ್ನೋದು ಊರಗೌಡನ ಹಳೇ ಮಾತು. ಅದನ್ನು ನಾವೂ ಆಡಬೇಕೆ?

ಶೇಕಡಾವಾರು ಹಂಚುವುದು ಸರ್ಕಾರದ ಕೆಲಸ. ಪ್ರತಿ ಕೃತಿಯನ್ನೂ 'ಇಲ್ಲಿ ದಲಿತ ಅಂದರೆ ಯಾರು, ಯಾರು ಹೊರಗುಳಿದರು?' ಎಂದು ಕೇಳುವುದು ವಿಮರ್ಶೆಯ ಕೆಲಸ. ಹಾಗೆ ಕೇಳಿದರೆ ಆ ಸಮಾಸ ಒಡೆಯುವುದಿಲ್ಲ, ಗಟ್ಟಿಯಾಗುತ್ತದೆ.