ಸ್ವಂತ ಗಂಟಲಿನ ಕತೆ

ಗುರು ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ಕತೆ ಕೇಳುವುದಕ್ಕೆ ಒಂದು ಇಡೀ ರಾತ್ರಿ ಬೇಕು. ತಂಬೂರಿ ಶ್ರುತಿಗೆ ಬಂದು, ಗಗ್ಗರ, ದಮ್ಮಡಿ, ತಾಳ ಹೊಂದಿಕೊಂಡು, ಗುರುಗಳ ಸ್ತುತಿ ಮುಗಿಯುವಷ್ಟರಲ್ಲಿ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿರುತ್ತಾರೆ. ಗಂಟಲು ಕಾಯುವುದು ಆಮೇಲೆ. ಕತೆ ಹೇಳುವವನು ಸಾಲನ್ನು ಎಲ್ಲಿ ಬಿಟ್ಟನೋ ಅಲ್ಲಿಂದ ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ನಡುವೆ ಮಾತು ಬರುತ್ತದೆ. ಆ ಮಾತು ಮತ್ತೆ ಯಾವಾಗ ಹಾಡಾಯಿತೋ ಕೇಳುವವರಿಗೆ ತಿಳಿಯುವುದೇ ಇಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆ ಕೇಳಿದ ಒಬ್ಬ ಹಿರಿಯರ ಕತೆಗಾರಿಕೆ ನನಗೆ ಬಹಳ ಇಷ್ಟ. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕಿ, ಬಿಸಿ ನೋಡಿಕೊಂಡು ರಾತ್ರಿ ಕಳೆಯುವ ಜೀವ ಅದು. ಅವರು ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಕತೆ ಹೇಳುವಾಗ ಹಲಗೂರಿನ ಪ್ರಸಂಗ ಬಂತು. ಮಂಟೇಸ್ವಾಮಿ ಕಬ್ಬಿಣದ ಭಿಕ್ಷೆ ತರಲು ಕಳಿಸಿದ್ದಾರೆ, ಕಮ್ಮಾರರಾದ ಪಾಂಚಾಳರು ಕೊಡಲೊಲ್ಲರು, ಶಿಷ್ಯನಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ಅಲ್ಲಿನ ಕುಲುಮೆಯ ಝಳವನ್ನು ಹೇಳುತ್ತ ಅವರು ತಮ್ಮ ಬ್ಯಾರನ್ನಿನ ಒಲೆಯನ್ನು ಕತೆಯೊಳಕ್ಕೆ ತಂದರು. ಮುಖ ಸುಡುವುದು, ಕಣ್ಣು ಉರಿಯುವುದು, ನಿದ್ದೆ ತಡೆಯಲು ಎದ್ದು ಓಡಾಡುವುದು ಎಲ್ಲವೂ ಬಂತು. ಎದುರಿಗೆ ಕೂತಿದ್ದವರೂ ಅದೇ ಕೆಲಸದವರು, ಯಾರೂ ಮಿಸುಕಲಿಲ್ಲ. ಅಚ್ಚಾದ ಯಾವ ಪಾಠದಲ್ಲೂ ಆ ಸಾಲುಗಳು ಇರಲಾರವು, ಅವರ ಬದುಕಿನಿಂದಲೇ ಬಂದವು ಅವು.

ಆಗ ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ತಾತ, ಕ್ಯಾಸೆಟ್ಟಿನ ಧಾಟೀಲಿ ಹೇಳಿ." ಹಿರಿಯರು ತಂಬೂರಿ ನಿಲ್ಲಿಸದೆ ಹೇಳಿದರು: "ಅದು ಅವ್ರ ಗಂಟ್ಲು ಕಣ್ ಮಗಾ. ನನ್ ಗಂಟ್ಲಲ್ಲಿ ಏನದೋ ಅದ್ನೇ ಹೇಳ್ತೀನಿ."

ಇದೇ ಕತೆಗಳನ್ನು ಹಾಡಿದ ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಹೋಯಿತು. ಅದು ದೊಡ್ಡ ಕಂಠ, ದೊಡ್ಡ ಕೊಡುಗೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಎಳೆತವನ್ನು, ಆ ನಿಲುಗಡೆಯನ್ನು ಹಾಗೆಹಾಗೇ ಹಾಡುವ ಎಳೆಯ ಹಾಡುಗಾರನನ್ನು ಕೇಳಿದಾಗ ಸಂಕಟವಾಗುತ್ತದೆ. ಆ ಹುಡುಗನ ಊರೆಲ್ಲಿ, ಅವನ ಅವ್ವ ಜಗಲಿಯ ಮೇಲೆ ಆಡುತ್ತಿದ್ದ ಮಾತೆಲ್ಲಿ ಎಂದು ಹುಡುಕುತ್ತ ಕೂರುತ್ತೇನೆ. ಹುಣಸೂರಿನ ಮಾತಿಗೂ ಎಚ್.ಡಿ. ಕೋಟೆ ಕಡೆಯ ಮಾತಿಗೂ ಇರುವ ಸಣ್ಣ ವ್ಯತ್ಯಾಸ ಕತೆಯಲ್ಲಿ ಕೇಳಿಸಬೇಕು. ಕೇಳಿಸದೆ ಹೋದರೆ ನನ್ನ ಲೆಕ್ಕದಲ್ಲಿ ಅದು ಅರ್ಧ ಕತೆ.

ಮಂಟೇಸ್ವಾಮಿಯ ಕಾವ್ಯವಂತೂ ಇನ್ನೊಬ್ಬರ ವೇಷ ತೊಟ್ಟು ಹೇಳುವಂಥದ್ದೇ ಅಲ್ಲ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಶುಚಿಯಾಗಿ ಕೂತ ಕಲ್ಯಾಣಕ್ಕೆ ಮಂಟೇಸ್ವಾಮಿ ಬರುವುದು ಕೊಳೆತು ನಾರುವ ಮೈಯಲ್ಲಿ. ಮಡಿಯುಟ್ಟವರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ, ಗುರುತು ಹಿಡಿಯುವವನು ಬಸವಣ್ಣ. ಊರಾಚೆ ನಿಲ್ಲಿಸಿದ ಜನ ಪರಂಪರೆಯಿಂದ ಹಾಡಿಕೊಂಡು ಬಂದ ಪ್ರಸಂಗ ಇದು. ನೀಲಗಾರರಲ್ಲಿ ದಲಿತರೇ ಹೆಚ್ಚು, ದೀಕ್ಷೆ ಮಾತ್ರ ಬೇರೆ ಜಾತಿಯವರಿಗೂ ಉಂಟು. ಮೈಯ ನಾತವನ್ನೂ ಮರೆಮಾಡದೆ ನಿಂತ ಗುರುವಿನ ಕತೆಯನ್ನು ತಿದ್ದಿದ, ನಯಗೊಳಿಸಿದ ದನಿಯಲ್ಲಿ ಹೇಳಿದರೆ ಒಪ್ಪುವುದಾದರೂ ಹೇಗೆ?

ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯನವರಂಥ ವಿದ್ವಾಂಸರ ಶ್ರಮದಿಂದ ನೀಲಗಾರರ ಕತೆ ಅಚ್ಚಿಗೂ ಬಂದಿದೆ. ಅದನ್ನು ಓದಬೇಕು. ಕೇಳಿದ ಮೇಲೆ ಓದಿದರೆ ಇನ್ನೂ ಒಳ್ಳೆಯದು.

ಕೇಳಲು ಕಪ್ಪಡಿಗೆ ಹೋಗಬಹುದು. ಕಾವೇರಿ ದಂಡೆಯ ಆ ಊರು ಕೆ.ಆರ್. ನಗರದ ಕಡೆಯದು, ಪಿರಿಯಾಪಟ್ಟಣದ ಕಡೆಯ ನಮಗೆ ದೂರವೇನಲ್ಲ. ಅಲ್ಲಿ ಇದೇ ಪರಂಪರೆಯ ರಾಚಪ್ಪಾಜಿ, ಚೆನ್ನಾಜಮ್ಮನವರ ಜಾತ್ರೆ ಶಿವರಾತ್ರಿಯಿಂದ ಯುಗಾದಿಯವರೆಗೂ ನಡೆಯುತ್ತದೆ. ಹೋದಾಗ ಧ್ವನಿವರ್ಧಕದ ಗದ್ದಲದಿಂದ ಸ್ವಲ್ಪ ಆಚೆ ನಡೆಯಿರಿ, ತಂಬೂರಿ ಹಿಡಿದು ಕೂತವರು ಸಿಕ್ಕಿದರೆ ಕೂರಿ. ಇಂಥ ಧಾಟಿಯಲ್ಲೇ ಹಾಡಿ ಎನ್ನಬೇಡಿ. "ನಿಮ್ಮೂರಲ್ಲಿ ಹೆಂಗೆ ಹೇಳ್ತೀರಿ, ಹಂಗೇ ಹೇಳಿ ಸ್ವಾಮಿ" ಎಂದು ಕೇಳಿ. ಅವರ ಜೋಳಿಗೆಗೆ ಹಾಕುವಾಗ ಕೈ ಬಿಗಿ ಹಿಡಿಯಬೇಡಿ.